1970ರ ಮಸ್ಟ್ಯಾಂಗ್‌ಗೆ ಟ್ರಾನ್ಸ್-ಆ್ಯಮ್ ವೇಷ: ಎಲ್ಲಿಗೆ ನಿಲ್ಲಿಸಲಿ?

ಮಿಷಿಗನ್ ಮಂಜ

ಎಲ್ಲರಿಗೂ ನಮಸ್ಕಾರ. ಊರು ಅರಸೀಕೆರೆ, ಹನ್ನೊಂದು ವರ್ಷದಿಂದ ಇರುವುದು ಡೆಟ್ರಾಯಿಟ್ ಪಕ್ಕ. ಕಳೆದ ತಿಂಗಳು 1970ರ ಫೋರ್ಡ್ ಮಸ್ಟ್ಯಾಂಗ್ ಒಂದನ್ನು ಟ್ರೇಲರ್ ಮೇಲೆ ಹಾಕಿಸಿಕೊಂಡು ಮನೆಗೆ ತಂದೆ. ಹಿಂಭಾಗ ಇಳಿಜಾರಾಗಿರುವ ಸ್ಪೋರ್ಟ್ಸ್‌ರೂಫ್ ಬಾಡಿ. 302 ಕ್ಯೂಬಿಕ್ ಇಂಚಿನ ಇಂಜಿನ್, ಎರಡು ಬ್ಯಾರೆಲ್ ಕಾರ್ಬುರೇಟರ್, ಮೂರು ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಆ ಕಾಲದಲ್ಲಿ ಕಾಲೇಜಿಗೆ ಹೋಗುವ ಮಗಳಿಗೆ ಅಪ್ಪ ಕೊಡಿಸುತ್ತಿದ್ದಂಥ ಕಾರು. ಬಣ್ಣ ಕೇಳಬೇಡಿ. ಮೂರು ಬಣ್ಣ ಇದೆ, ನಾಲ್ಕನೆಯದು ತುಕ್ಕು.

ಇದನ್ನು 1970ರ ಟ್ರಾನ್ಸ್-ಆ್ಯಮ್ ರೇಸಿನಲ್ಲಿ ಪಾರ್ನೆಲ್ಲಿ ಜೋನ್ಸ್ ಓಡಿಸಿದ ಬಾಸ್ 302 (ರೇಸಿಗೆಂದೇ ಫೋರ್ಡ್ ತಂದ ಮಸ್ಟ್ಯಾಂಗ್) ಥರ ಮಾಡಬೇಕು ಅಂತ ಆಸೆ. ಸ್ಕೂಲ್ ಬಸ್ಸಿನ ಹಳದಿ, ಕಪ್ಪು ಪಟ್ಟೆ, ಬಾಗಿಲ ಮೇಲೆ 15. ಮೂರು ವರ್ಷದ ಹಿಂದೆ ಮಿಡ್-ಒಹಾಯೊ ಟ್ರ್ಯಾಕಿಗೆ ಹಳೇ ಕಾರುಗಳ ರೇಸು ನೋಡಲು ಹೋಗಿದ್ದೆ. ಆ ಕಾಲದ ಒಂದು ಮಸ್ಟ್ಯಾಂಗ್ ಗೇರು ಇಳಿಸುತ್ತಾ ತಿರುವಿಗೆ ಬಂತು. ನನ್ನ ಕೈಯಲ್ಲಿದ್ದ ಕಾಫಿ ಲೋಟ ಅದುರಿತು. ಅಲ್ಲಿಂದ ಹಿಡಿದ ಹುಚ್ಚು ಇದು.

ಪೂರ್ತಿ ರೇಸ್ ಕಾರೇ ಮಾಡಿಬಿಡಲಾ? ಇಲ್ಲಾ, ಹೊರಗೆ ರೇಸ್ ಕಾರು, ಒಳಗೆ ರಸ್ತೆ ಕಾರು ಅಂತ ಇಟ್ಟುಕೊಳ್ಳಲಾ? ಕೈಯಲ್ಲಿರುವುದು 25 ಸಾವಿರ ಡಾಲರ್. ಮನೆಯವಳು ಒಂದೇ ಪ್ರಶ್ನೆ ಕೇಳಿದಳು: "ರೇಸೇ ಓಡದ ಕಾರಿಗೆ ನಂಬರ್ ಯಾಕೆ ರೀ?" ನನಗೆ ಉತ್ತರ ಹೊಳೆಯಲಿಲ್ಲ.

ತುಕ್ಕು ಪಂಡಿತ

ಬಣ್ಣ, ನಂಬರ್ ಎಲ್ಲ ಆಮೇಲೆ ಮಂಜಣ್ಣ. ಮೊದಲು ಅಡುಗೆಮನೆಯಿಂದ ಒಂದು ಚೊಂಬು ನೀರು ತನ್ನಿ.

ಮುಂದಿನ ಗಾಜಿನ ಕೆಳಗೆ, ಬಾನೆಟ್ ಮುಗಿಯುವಲ್ಲಿ, ಗಾಳಿ ಹೋಗಲು ಸೀಳು ಇರುವ ತಗಡು ಇದೆಯಲ್ಲ, ಅದಕ್ಕೆ ಕೌಲ್ ಅಂತಾರೆ. ಆ ಸೀಳಿನೊಳಗೆ ನಿಧಾನಕ್ಕೆ ನೀರು ಸುರಿಯಿರಿ. ಇನ್ನೊಬ್ಬರು ಒಳಗೆ ತಲೆಕೆಳಗಾಗಿ ಮಲಗಿ, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಲಿ. ನೀರು ಮುಂದಿನ ಚಕ್ರದ ಹಿಂದೆ ನೆಲಕ್ಕೆ ಬಿದ್ದರೆ ಬಚಾವ್. ಪೆಡಲ್ ಹತ್ತಿರ ತೊಟ್ಟಿಕ್ಕಿದರೆ ಕೌಲ್ ತೂತು ಬಿದ್ದಿದೆ ಅಂತಲೇ ಅರ್ಥ. ಅದು ಎರಡು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ ಡಬ್ಬಿ. ಒಳಗೆ ಐವತ್ತು ವರ್ಷದ ಎಲೆ, ಕಸ ಸೇರಿ ಒದ್ದೆ ಹಿಡಿದಿಟ್ಟುಕೊಂಡಿರುತ್ತದೆ. ಸರಿಮಾಡಬೇಕು ಅಂದರೆ ಒಂದೊಂದೇ ವೆಲ್ಡ್ ಕೊರೆದು ಬಿಚ್ಚಬೇಕು.

ಆಮೇಲೆ ಒಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಡಿ ಮೇಲೆಲ್ಲ ಓಡಾಡಿಸಿ. ಹಿಡಿಯದೇ ಇರುವ ಕಡೆ ಪುಟ್ಟಿ ಮೆತ್ತಿದ್ದಾರೆ. ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಹಾಗಾಗಿ ಕಾರಿನ ಅಡಿಯಲ್ಲಿ ಭಾರ ಹೊರುವ ಫ್ಲೋರ್, ಟಾರ್ಕ್ ಬಾಕ್ಸ್, ಫ್ರೇಮ್ ರೈಲ್ ಮೂರನ್ನೂ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ. ಚುಚ್ಚಲು ಭಯ ಆಗುತ್ತೆ ಅಂದರೆ ಉತ್ತರ ಆಗಲೇ ಸಿಕ್ಕಿದೆ.

ಮಿಷಿಗನ್ ಮಂಜ

ಈಗ ತಾನೇ ಚೊಂಬಿನ ಪರೀಕ್ಷೆ ಮುಗಿಸಿ ಬಂದೆ. ಮಗಳು ಟಾರ್ಚ್ ಹಿಡಿದು ಒಳಗೆ ಕೂತಿದ್ದಳು. ಅರ್ಧ ಚೊಂಬಿಗೇ "ಅಪ್ಪಾ, ಮಳೆ" ಅಂದಳು.

ಎಡಗಡೆ ಪೂರ್ತಿ ಹೋಗಿದೆ, ಬಲಗಡೆ ಪರವಾಗಿಲ್ಲ. ಸ್ಕ್ರೂಡ್ರೈವರ್ ಚಾಲಕನ ಸೀಟಿನ ಕೆಳಗಿಂದ ಒಳಗೆ ಹೋಗಿ ಮೇಲೆ ಬಂತು.

ಬಸವನಗುಡಿ ರಾಯರು

ನನಗೆ 74. ಮಸ್ಟ್ಯಾಂಗ್ ಮುಟ್ಟಿ ನೋಡಿದವನೂ ಅಲ್ಲ. ಆದರೆ ಶೋಳಾವರಂ ನೋಡಿದವನು. ಮದ್ರಾಸಿನ ಆಚೆ, ಯುದ್ಧದ ಕಾಲದ ಏರ್‌ಸ್ಟ್ರಿಪ್ ಮೇಲೆ ರೇಸು. ಬೆಂಗಳೂರಿನಿಂದ ಬೈಕಿನಲ್ಲಿ ರಾತ್ರಿಯೆಲ್ಲ ಹೋಗುತ್ತಿದ್ದೆವು. ಮನೆಯಲ್ಲಿ ಹೇಳಿದ್ದು ತಿರುಪತಿ. ಫಿಯಟ್ 1100 ಕಾರಿನ ಹಿಂದಿನ ಸೀಟು, ಬಂಪರು, ಬಾಗಿಲ ರೆಕ್ಸಿನ್ ಎಲ್ಲ ಕಿತ್ತು ಹಾಕಿ ಓಡಿಸುತ್ತಿದ್ದರು. ಸಂಜೆ ಅದೇ ಕಾರಿಗೆ ಸೀಟು ಜೋಡಿಸಿಕೊಂಡು ಮನೆಗೆ ಹೋದವರೂ ಇದ್ದರು.

ಈ ಟ್ರಾನ್ಸ್-ಆ್ಯಮ್ ಅಂದರೇನು? ನಾನು ಅದನ್ನು ಕಾರಿನ ಹೆಸರು ಅಂದುಕೊಂಡಿದ್ದೆ. ಯಾರಾದರೂ ಬಿಡಿಸಿ ಹೇಳಿ.

ಹಳೇ ಲ್ಯಾಪ್

ರಾಯರೇ, ನಿಮಗೆ ಗೊತ್ತಿರುವುದೂ ಸರಿ. ಪಾಂಟಿಯಾಕ್ ಕಂಪನಿ ತನ್ನ ಫೈರ್‌ಬರ್ಡ್ ಕಾರಿಗೆ ಆ ಹೆಸರು ಇಟ್ಟುಕೊಂಡು, ಕಾರಿಗೆ 5 ಡಾಲರ್‌ನಂತೆ ರೇಸ್ ನಡೆಸುವವರಿಗೆ ಕೊಡುತ್ತಿತ್ತು. ತಮಾಷೆ ಅಂದರೆ ಅಂಗಡಿಯಲ್ಲಿ ಮಾರಿದ ಆ ಕಾರಿನ ಇಂಜಿನ್ ರೇಸಿನ ಮಿತಿಗಿಂತ ದೊಡ್ಡದು.

ರೇಸು ಶುರುವಾಗಿದ್ದು 1966ರಲ್ಲಿ. ನಡೆಸಿದ್ದು ಎಸ್‌ಸಿಸಿಎ, ಅಂದರೆ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ. ಅಂಗಡಿಯಲ್ಲಿ ಸಿಗುವ ಕಾರೇ ಇರಬೇಕು, ದೊಡ್ಡ ವರ್ಗದಲ್ಲಿ ಇಂಜಿನ್ 305 ಕ್ಯೂಬಿಕ್ ಇಂಚು, ಅಂದರೆ 5 ಲೀಟರ್, ದಾಟಬಾರದು. ಈ ಒಂದು ಮಿತಿಯಿಂದ ಎಷ್ಟೆಲ್ಲ ಹುಟ್ಟಿತು ನೋಡಿ. ಷೆವ್ರೊಲೆ ಹತ್ತಿರ 283 ಇತ್ತು, ಚಿಕ್ಕದಾಯ್ತು. 327 ಇತ್ತು, ದೊಡ್ಡದಾಯ್ತು. 327ರ ಬ್ಲಾಕಿಗೆ 283ರ ಕ್ರ್ಯಾಂಕ್ ಹಾಕಿದರು, 302 ಬಂತು. ಅದೇ ಕಮಾರೋ ಜೀ/28. ಮೊದಲ ವರ್ಷ 1967ರಲ್ಲಿ ಬರೀ 602 ಕಾರು ಮಾಡಿದರು. ಪ್ಲಿಮತ್‌ನವರು 1970ರಲ್ಲಿ 340 ಇಂಜಿನ್ನಿನ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇಳಿಸಿ ಮಿತಿಯೊಳಗೆ ತೂರಿಸಿದರು.

ಇನ್ನು ಕಳ್ಳಾಟ. ರೋಜರ್ ಪೆನ್ಸ್‌ಕೆ ತಂಡ, ಚಾಲಕ ಮಾರ್ಕ್ ಡಾನಹ್ಯೂ, ನೀಲಿ ಕಮಾರೋ, ನಂಬರ್ 6. 1968ರಲ್ಲಿ 13 ರೇಸಿನಲ್ಲಿ 10 ಗೆದ್ದರು. ಬಾಡಿಯನ್ನು ಆ್ಯಸಿಡ್‌ನಲ್ಲಿ ಅದ್ದಿ ತಗಡು ತೆಳ್ಳಗೆ ಮಾಡಿದ್ದರು. 1969ರ ಕಾರಿನ ಮೇಲ್ಛಾವಣಿಗೆ ಮದುವೆ ಕಾರಿನ ಥರ ಕಪ್ಪು ವಿನೈಲ್ ಹೊದಿಸಿದ್ದರು. ತೆಳ್ಳಗಾದ ತಗಡಿನ ಸುಕ್ಕು ಕಾಣದಿರಲಿ ಅಂತ, ಅನ್ನುತ್ತಾರೆ.

ಮಂಜಣ್ಣನ 1970 ಎಲ್ಲರೂ ಕಾದಾಡಿದ ವರ್ಷ. ಫೋರ್ಡ್ ಕಾರುಗಳನ್ನು ಕಟ್ಟಿದ್ದು ದಕ್ಷಿಣ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್‌ನ ಬಡ್ ಮೂರ್. ಎರಡನೇ ಯುದ್ಧದಲ್ಲಿ ನಾರ್ಮಂಡಿ ಕಡಲತೀರಕ್ಕೆ ಇಳಿದವನು, ಐದು ಸಲ ಗಾಯಗೊಂಡು ಐದು ಪರ್ಪಲ್ ಹಾರ್ಟ್ ಪದಕ ತಂದವನು. 15ರಲ್ಲಿ ಪಾರ್ನೆಲ್ಲಿ, 16ರಲ್ಲಿ ಜಾರ್ಜ್ ಫಾಲ್ಮರ್. ಹನ್ನೊಂದು ರೇಸಿನಲ್ಲಿ ಪಾರ್ನೆಲ್ಲಿ ಐದು, ಫಾಲ್ಮರ್ ಒಂದು. ಆ ವರ್ಷ ಎಎಂಸಿ ಜ್ಯಾವೆಲಿನ್‌ಗೆ ಹೋಗಿದ್ದ ಡಾನಹ್ಯೂ ಮೂರು ಗೆದ್ದ. ಪಟ್ಟ ಫೋರ್ಡ್‌ಗೆ. ಕೊನೆಯ ರೇಸು ರಿವರ್‌ಸೈಡ್‌ನಲ್ಲಿ ಪಾರ್ನೆಲ್ಲಿಗೆ ಯಾರೋ ಗುದ್ದಿ ಟ್ರ್ಯಾಕ್ ಆಚೆ ತಳ್ಳಿದರು. ಧೂಳಿನಿಂದ ಎದ್ದು ಬಂದು, ನುಜ್ಜುಗುಜ್ಜಾದ ಕಾರಿನಲ್ಲೇ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಗೆದ್ದ. ಮಂಜಣ್ಣ ತೋರಿಸಬೇಕಾದ್ದು ಆ ಕಾರು. ಹೊಳೆಯುವ ಕಾರಲ್ಲ.

ಬಸವನಗುಡಿ ರಾಯರು

ಆಹಾ. ಈಗ ಅರ್ಥವಾಯಿತು. ಬಾಗಿಲು ಸೊಟ್ಟಗಿದ್ದರೆ ಸೊಟ್ಟಗೇ ಬಿಡಪ್ಪ ಮಂಜ.

ಅಸಲಿ ಪಾರ್ಟು

ಒಬ್ಬನಾದರೂ ಕಹಿ ಮಾತು ಆಡಬೇಕಲ್ಲ, ನಾನೇ ಆಡುತ್ತೇನೆ. ಹೀಗೆ ಹೆಸರಾಂತ ಕಾರಿನ ವೇಷ ಹಾಕುವುದಕ್ಕೆ "ಟ್ರಿಬ್ಯೂಟ್" ಅಂತಾರೆ, ನನಗೆ ಆ ಪದವೇ ಆಗಿಬರುವುದಿಲ್ಲ. ಇವತ್ತು ಟ್ರಿಬ್ಯೂಟ್, ಎರಡು ಕೈ ಬದಲಾದ ಮೇಲೆ ಕ್ಲೋನ್, ನಾಲ್ಕನೇ ಕೈಗೆ ಹೋದಾಗ "ತಾತನ ಕಾಲದ ಅಸಲಿ ರೇಸ್ ಕಾರು ಸಾರ್". 1969ರಲ್ಲಿ 1,628 ಬಾಸ್ 302 ಬಂದವು, 1970ರಲ್ಲಿ ಏಳು ಸಾವಿರದಷ್ಟು. ರಸ್ತೆಯಲ್ಲಿ ಪಟ್ಟೆ ಹಚ್ಚಿಕೊಂಡು ತಿರುಗುವವು ಅದಕ್ಕಿಂತ ಜಾಸ್ತಿ ಇರಬೇಕು ಅನಿಸುತ್ತೆ.

ಲಗೂನಾ ಸೆಕಾದಲ್ಲಿ ಐತಿಹಾಸಿಕ ಟ್ರಾನ್ಸ್-ಆ್ಯಮ್ ಗುಂಪು ಓಡುತ್ತದಲ್ಲ, ಅಲ್ಲಿ ಆಗ ನಿಜವಾಗಿ ಓಡಿದ ಕಾರಿಗೆ ಮಾತ್ರ ಜಾಗ, ಅದೂ ದಾಖಲೆ ಸಮೇತ. ನಿಮ್ಮ 15ನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ.

ಅಂದಹಾಗೆ ನಿಮ್ಮ ಕಾರಿನ ಗುರುತಿನ ಸಂಖ್ಯೆ, ಅಂದರೆ ವಿನ್ ನಂಬರಿನಲ್ಲಿ ಐದನೇ ಅಕ್ಷರ ಏನಿದೆ? 'ಜಿ' ಇದ್ದರೆ ಅದು ಅಸಲಿ ಬಾಸ್ 302, ದಯವಿಟ್ಟು ಗರಗಸ ಕೆಳಗಿಡಿ.

ಮಿಷಿಗನ್ ಮಂಜ

0ಎಫ್02ಎಫ್. ಐದನೆಯದು 'ಎಫ್', ಅಂದರೆ ಎರಡು ಬ್ಯಾರೆಲ್ಲಿನ ಸಾದಾ 302. 'ಜಿ' ಇದ್ದಿದ್ದರೆ ನನ್ನ ದುಡ್ಡಿಗೆ ಸಿಗುತ್ತಲೂ ಇರಲಿಲ್ಲ, ಕತ್ತರಿಸುವ ಧೈರ್ಯವೂ ಬರುತ್ತಿರಲಿಲ್ಲ. ವಿನ್ ಪಟ್ಟಿ ಮುಟ್ಟುವುದಿಲ್ಲ. ಲಗೂನಾ ಸೆಕಾ ಆಸೆಯೂ ಇಲ್ಲ. ಮನೆಯಿಂದ ಒಂದು ಗಂಟೆ ದೂರದಲ್ಲಿ ವಾಟರ್‌ಫರ್ಡ್ ಹಿಲ್ಸ್ ಇದೆ, ಸುಮಾರು ಒಂದೂವರೆ ಮೈಲಿಯ ಪುಟ್ಟ ಟ್ರ್ಯಾಕು. ಅಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಓಡಿಸಿದರೆ ಸಾಕು.

ಕೇಜ್, ಅಂದರೆ ಒಳಗೆ ಕೂರಿಸುವ ಉಕ್ಕಿನ ಪೈಪಿನ ಪಂಜರ, ಮಾತ್ರ ಪೂರ್ತಿ ಹಾಕಿಸೋಣ ಅಂತಿದ್ದೇನೆ. ಅದಿಲ್ಲದಿದ್ದರೆ ಒಳಗೆ ನೋಡಿದಾಗ ರೇಸ್ ಕಾರು ಅನ್ನಿಸುವುದಿಲ್ಲ ಅಲ್ವಾ?

ಕುಂದಾಪುರದವಳು

ಮಂಜು ಅವರೇ, ಸ್ವಲ್ಪ ನಿಲ್ಲಿ. ನಾನು ಕಾರುಗಳ ಕ್ರ್ಯಾಶ್ ಟೆಸ್ಟ್ ಮಾಡುವ ಕೆಲಸದಲ್ಲಿರುವವಳು. ಇದನ್ನು ಓದಿ ಸುಮ್ಮನೆ ಹೋಗಲು ಆಗಲಿಲ್ಲ.

ಪೂರ್ತಿ ಕೇಜ್ ಹಾಕಿದ ಕಾರನ್ನು ರಸ್ತೆಯಲ್ಲಿ ಓಡಿಸಬೇಡಿ. ನಿಮ್ಮ ಕಾರಿನ ಸೀಟಿನಲ್ಲಿ ಕೂತು, ಕಿವಿಯಿಂದ ಬಾಗಿಲ ಮೇಲಿನ ಅಂಚಿಗೆ ಗೇಣು ಹಾಕಿ ನೋಡಿ. ಹೆಚ್ಚೆಂದರೆ ಒಂದು ಗೇಣು. ಕೇಜಿನ ಪೈಪ್ ಬರುವುದು ಅದರೊಳಗೇ. ಪಕ್ಕದಿಂದ ಯಾರಾದರೂ ಗುದ್ದಿದರೆ ಬೆಲ್ಟ್ ಹಾಕಿದ್ದರೂ ತಲೆ ಅಷ್ಟು ದೂರ ಹೋಗಿಯೇ ಹೋಗುತ್ತದೆ. ಟ್ರ್ಯಾಕಿನಲ್ಲಿ ತಲೆಗೆ ಹೆಲ್ಮೆಟ್ ಇರುತ್ತದೆ. ಹಾಲು ತರಲು ಹೋದಾಗ ಇರುವುದಿಲ್ಲ. ಬರೀ ತಲೆಗೆ ಒಂದೂಮುಕ್ಕಾಲು ಇಂಚಿನ ಉಕ್ಕಿನ ಪೈಪ್ ಬಡಿದರೆ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ. ಪೈಪಿಗೆ ಸ್ಪಂಜು ಸುತ್ತುತ್ತೇನೆ ಅನ್ನಬೇಡಿ. ನೀರಿನ ಪೈಪಿಗೆ ಸುತ್ತುವ ಆ ಮೆತ್ತನೆ ಸ್ಪಂಜು ಬೆರಳಲ್ಲಿ ಒತ್ತಿದರೆ ಚಪ್ಪಟೆಯಾಗುತ್ತದೆ. ರೇಸಿಗೆ ಬಳಸುವುದು ಉಗುರು ಇಳಿಯದಷ್ಟು ಗಟ್ಟಿ ಇರುತ್ತದೆ, ಅದೂ ಹೆಲ್ಮೆಟ್ ಹಾಕಿದ ತಲೆಗೆ ಅಂತಲೇ ಮಾಡಿದ್ದು.

ಹಾಗಂತ ಕೇಜ್ ಬಿಟ್ಟು ಬರೀ ಐದು ಪಟ್ಟಿಯ ರೇಸ್ ಬೆಲ್ಟ್ ಹಾಕುವುದೂ ತಪ್ಪೇ. ಕಾರು ಮಗುಚಿದರೆ ಮೂರು ಪಾಯಿಂಟ್ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ಬಾಗುತ್ತದೆ. ರೇಸ್ ಬೆಲ್ಟ್ ನೆಟ್ಟಗೆ ಕಟ್ಟಿ ಹಾಕಿರುತ್ತದೆ, ಛಾವಣಿ ಕುಸಿದಾಗ ಭಾರವೆಲ್ಲ ಕುತ್ತಿಗೆಗೆ. ನನ್ನ ಲೆಕ್ಕದಲ್ಲಿ ನಿಮ್ಮಂಥವರಿಗೆ ಸರಿಹೋಗುವುದು ಸೀಟಿನ ಹಿಂದೆ ನಾಲ್ಕು ಕಾಲಿನ ರೋಲ್ ಬಾರ್. ಹಿಂದಿನ ಸೀಟು ತೆಗೆಯಿರಿ. ರಸ್ತೆಗೆ ಮೂರು ಪಾಯಿಂಟ್ ಬೆಲ್ಟ್, ಟ್ರ್ಯಾಕಿಗೆ ರೇಸ್ ಬೆಲ್ಟ್, ಎರಡೂ ಇರಲಿ.

ಇನ್ನೊಂದು ವಿಷಯ. ಡಿಕ್ಕಿ ತೆಗೆದು ಒಳಗಿನ ಕಾರ್ಪೆಟ್ ಎತ್ತಿ ನೋಡಿ. ಕಾಣುವ ತಗಡು ಡಿಕ್ಕಿಯ ಅಡಿಯಲ್ಲ, ಪೆಟ್ರೋಲ್ ಟ್ಯಾಂಕಿನ ತಲೆ. ಆ ಕಾಲದ ಮಸ್ಟ್ಯಾಂಗ್‌ನಲ್ಲಿ ಟ್ಯಾಂಕನ್ನೇ ಮೇಲಿಂದ ಇಳಿಸಿ ಬೋಲ್ಟ್ ಮಾಡಿದ್ದಾರೆ. ಡಿಕ್ಕಿಗೂ ನಿಮ್ಮ ಬೆನ್ನಿಗೂ ನಡುವೆ ಇರುವುದು ರಟ್ಟು, ಬಟ್ಟೆ. ಹಿಂದಿನಿಂದ ಗುದ್ದಿದರೆ ಪೆಟ್ರೋಲ್ ನೇರ ಒಳಗೆ. ನಂಬರ್ ಬರೆಸುವ ಮೊದಲು ಅಲ್ಲಿ ಉಕ್ಕಿನ ತಗಡು ಹಾಕಿ ಮುಚ್ಚಿಸಿ. ದುಡ್ಡಿದ್ದರೆ ಒಳಗೆ ಫೋಮ್ ತುಂಬಿದ ರಬ್ಬರ್ ಚೀಲದ ಫ್ಯುಯೆಲ್ ಸೆಲ್ ಹಾಕಿಸಿ.

ಮಿಷಿಗನ್ ಮಂಜ

ಅಕ್ಕ, ಈಗ ತಾನೇ ಹೋಗಿ ಕಾರ್ಪೆಟ್ ಎತ್ತಿ ಬಂದೆ. ನಿಜ. ಇಷ್ಟು ದಿನ ಅದರ ಮೇಲೆ ಟೂಲ್ ಬಾಕ್ಸ್ ಇಟ್ಟಿದ್ದೆ. ಕೇಜ್ ಕ್ಯಾನ್ಸಲ್.

ಪದ್ಮಿನಿ ಪ್ರೇಮಿ

ನಾನು ಬೆಂಗಳೂರಿನಲ್ಲಿ ಒಂದು ಪ್ರೀಮಿಯರ್ ಪದ್ಮಿನಿಗೆ ರಾಯರು ಹೇಳಿದ ಶೋಳಾವರಂ ವೇಷ ಹಾಕಬೇಕು ಅಂತಿದ್ದೇನೆ. ಇಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ರಚನೆ ಬದಲಾಯಿಸುವ ಹಾಗಿಲ್ಲ. ಬಣ್ಣ ಬದಲಾದರೂ ಆರ್‌ಸಿಯಲ್ಲಿ ಬರೆಸಬೇಕು. ಹಾಗಾಗಿ ನನ್ನದು ಸ್ಟಿಕ್ಕರ್ ಟ್ರಿಬ್ಯೂಟ್. ಭಾನುವಾರ ಅಂಟಿಸುವುದು, ಸೋಮವಾರ ಕೀಳುವುದು.

ಟೆಕ್ಸಾಸ್ ಗೌಡ

ನನ್ನ ಹತ್ತಿರ 1969ರದ್ದು ಇದೆ, ಆರು ವರ್ಷದಿಂದ ಟ್ರ್ಯಾಕಿಗೆ ಒಯ್ಯುತ್ತಿದ್ದೇನೆ. ದುಡ್ಡು ಎಲ್ಲಿ ಹಾಕಬೇಕು ಅಂತ ಹೇಳುತ್ತೇನೆ, ಇಷ್ಟವಾದರೆ ಕೇಳಿ.

ಇಂಜಿನ್ನಿಗೆ ಕೊನೆಗೆ ಹಾಕಿ. ಎಲ್ಲರೂ ಮೊದಲು ಇಂಜಿನ್ ಕಟ್ಟುತ್ತಾರೆ, ಆಮೇಲೆ ನಿಲ್ಲಿಸಲು ಬ್ರೇಕಿಗೆ ಕಾಸಿರುವುದಿಲ್ಲ. ಮುಂದೆ ಡ್ರಮ್ ತೆಗೆದು ಡಿಸ್ಕ್ ಹಾಕಿ. ನಿಮ್ಮ 8 ಇಂಚಿನ ಹಿಂದಿನ ಆಕ್ಸಲ್ ಸಾದಾ ಇಂಜಿನ್ನಿಗೆ ಸಾಕು. 9 ಇಂಚಿನದು ಅಗ್ಗವಾಗಿ ಸಿಕ್ಕರೆ ಬಿಡಬೇಡಿ. ಮೂರು ಗೇರಿನ ಡಬ್ಬ ಮಾರಿ ನಾಲ್ಕು ಗೇರಿನ ಟಾಪ್‌ಲೋಡರ್ ಹುಡುಕಿ.

ಪುಕ್ಕಟೆ ಸಿಗುವ ದೊಡ್ಡ ಲಾಭ ಒಂದಿದೆ. ಮುಂದಿನ ಚಕ್ರ ಹಿಡಿದಿಡುವ ಮೇಲಿನ ತೋಳು, ಅಂದರೆ ಕಂಟ್ರೋಲ್ ಆರ್ಮ್, ಶಾಕ್ ಟವರ್‌ಗೆ ಎರಡು ಬೋಲ್ಟಿನಲ್ಲಿ ಕೂರುತ್ತದಲ್ಲ, ಆ ತೂತುಗಳನ್ನು ಒಂದು ಇಂಚು ಕೆಳಗೆ ಹೊಸದಾಗಿ ಕೊರೆಯುವುದು. ಫೋರ್ಡ್ ಇಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕ ಹಾಕಿದ್ದು, 1965ರ ಶೆಲ್ಬಿ ಜಿಟಿ350ಯಲ್ಲಿ ಬಂದಿದ್ದು. ತಿರುವಿನಲ್ಲಿ ಬಾಡಿ ವಾಲಿದಾಗ ಹೊರಗಿನ ಟೈರು ಅಂಚಿನ ಮೇಲೆ ನಿಲ್ಲುವ ಬದಲು ಅಗಲಕ್ಕೆ ಕೂರುತ್ತದೆ. ಒಂದು ಟೆಂಪ್ಲೇಟ್, ಒಂದು ಡ್ರಿಲ್, ಅರ್ಧ ದಿನ. ಕೊರೆಯುವ ಮೊದಲು ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಬಿಚ್ಚಿ. ಆ ಸ್ಪ್ರಿಂಗ್ ಬಿಟ್ಟುಕೊಂಡರೆ ಗೋಡೆಗೆ ತೂತು. ನನ್ನ ಗ್ಯಾರೇಜಿನಲ್ಲಿ ಇದೆ ಆ ತೂತು.

ಇಂಜಿನ್ ವಿಷಯ. ಬಾಸ್ 302 ಅಂದರೆ ಸಣ್ಣ ಬ್ಲಾಕಿನ ಮೇಲೆ ಫೋರ್ಡ್‌ನದೇ ಕ್ಲೀವ್‌ಲ್ಯಾಂಡ್ ಅನ್ನುವ ಇಂಜಿನ್ ಜಾತಿಯ ದೊಡ್ಡ ಹೆಡ್. 1970ರಲ್ಲಿ ಇನ್‌ಟೇಕ್ ವಾಲ್ವ್ 2.19 ಇಂಚು. ಅಸಲಿ ಹೆಡ್ ಬೆಲೆ ಕೇಳಿ ಬೆಚ್ಚಬೇಡಿ. ಕ್ಲೀವ್‌ಲ್ಯಾಂಡ್ ಹೆಡ್ಡನ್ನು ನಿಮ್ಮ ಬ್ಲಾಕಿಗೆ ಕೂರಿಸುತ್ತಾರೆ, ಬೋಲ್ಟ್ ತೂತು ಹೊಂದುತ್ತದೆ. ಆದರೆ ನೀರಿನ ದಾರಿ ಬೇರೆ, ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಕೊರೆಯಬೇಕು. ಪಿಸ್ಟನ್, ಮ್ಯಾನಿಫೋಲ್ಡ್ ಎಲ್ಲ ಬೇರೆ. ನಿಮ್ಮ ದುಡ್ಡು ಅಲ್ಲೇ ಮುಗಿಯುತ್ತದೆ. ಸಾದಾ 302ಗೆ ಅಲ್ಯೂಮಿನಿಯಂ ಹೆಡ್, ನಾಲ್ಕು ಬ್ಯಾರೆಲ್ಲಿನ ಹಾಲಿ ಕಂಪನಿಯ ಕಾರ್ಬುರೇಟರ್, ಒಳ್ಳೆ ಕ್ಯಾಮ್. ನಿಮಿಷಕ್ಕೆ 6,500 ಸುತ್ತು ದಾಟಿಸಬೇಡಿ. ರೇಸಿನ ಬಾಸ್ 8,000ದ ಹತ್ತಿರ ತಿರುಗುತ್ತಿತ್ತು ನಿಜ. ಆದರೆ ಅದನ್ನು ಬಿಚ್ಚಿ ಕಟ್ಟಲು ಬಡ್ ಮೂರ್ ಇದ್ದ.

ಅಸಲಿ ಪಾರ್ಟು

ಗೌಡ್ರ ಮಾತಿಗೆ ನನ್ನ ಒಪ್ಪಿಗೆ ಇದೆ. ಬಾಸ್ ಅಂತ ವಾಲ್ವ್ ಕವರ್ ಮೇಲೆ ಬರೆಸಬೇಡಿ, ಅಷ್ಟೇ.

ಮಿಷಿಗನ್ ಮಂಜ (ಒಂಬತ್ತು ತಿಂಗಳ ನಂತರ)

ಸತ್ತಿಲ್ಲ, ಇದ್ದೇನೆ. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಹೀಟರ್ ಹಚ್ಚಿಕೊಂಡು ಕೌಲ್ ಬಿಚ್ಚಿದೆ. ಒಳಗೆ ಎಲೆಯ ಜೊತೆ ಒಂದು ಇಲಿಗೂಡು ಮತ್ತು 1974ರ ಒಂದು ಸೆಂಟಿನ ನಾಣ್ಯ ಸಿಕ್ಕಿತು. ನಾಣ್ಯವನ್ನು ಮಗಳು ಇಟ್ಟುಕೊಂಡಳು. ಫ್ಲೋರ್ ಎರಡೂ ಕಡೆ ಹೊಸದು. ಡಿಸ್ಕ್, ಟಾಪ್‌ಲೋಡರ್, ಒಂದು ಇಂಚಿನ ತೂತು, ಡಿಕ್ಕಿಯ ಉಕ್ಕಿನ ತಗಡು, ಎಲ್ಲ ಆಯಿತು. ಇಂಜಿನ್ ಗೌಡ್ರು ಹೇಳಿದ ಹಾಗೆ.

ಒಂದು ಬೇಜಾರಿನ ಕತೆ. ರೋಲ್ ಬಾರ್ ಹಾಕಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ, ಹೆಸರು ಬೇಡ. ವೆಲ್ಡಿಂಗ್ ನೋಡಲು ಜಡೆ ಹೆಣೆದ ಹಾಗೆ ಚೆಂದ ಇತ್ತು. ಮನೆಗೆ ತಂದು ಸೀಟು ಕೂರಿಸಿ, ಬೆಲ್ಟ್ ಹಾಕಿಕೊಂಡು ನೋಡಿದರೆ ಹೆಗಲು ಎಳೆದು ಕೆಳಗೆ ಒತ್ತುತ್ತಿದೆ. ಅಡ್ಡ ಪೈಪು ನನ್ನ ಹೆಗಲಿಗಿಂತ ಒಂದು ಗೇಣು ಕೆಳಗಿತ್ತು. ಕುಂದಾಪುರದ ಅಕ್ಕನಿಗೆ ಫೋಟೋ ಕಳಿಸಿದೆ. "ಹೀಗೇ ಗುದ್ದಿದರೆ ಬೆನ್ನುಮೂಳೆ ಕುಗ್ಗುತ್ತದೆ, ಪೈಪು ಹೆಗಲ ಮಟ್ಟಕ್ಕೆ ಬರಬೇಕು" ಅಂದರು. ಅಂಗಡಿಯವರು ಸೀಟನ್ನೇ ತಗ್ಗಿಸಿ ಅಂದರು. ತಗ್ಗಿಸಿದರೆ ನನಗೆ ಬಾನೆಟ್ ಕಾಣುವುದಿಲ್ಲ, ಐದಡಿ ಐದು ನಾನು. ಬೇರೆ ಕಡೆ ಕೊಟ್ಟು ಕತ್ತರಿಸಿ ಮತ್ತೆ ಹಾಕಿಸಿದೆ. ನೀವು ಮಾಡಿಸುವುದಾದರೆ ಸೀಟು ಮೊದಲು, ಪೈಪು ಆಮೇಲೆ.

ಈಗ ಬಣ್ಣ. ಹಳದಿ ಹಚ್ಚಿದೆ. ಬಾಗಿಲ ಸಣ್ಣ ಸೊಟ್ಟು ರಾಯರ ಮಾತಿನಂತೆ ಹಾಗೇ ಇದೆ. ನಂಬರ್ ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಹಾಕಲಾ, ಕೈಯಲ್ಲಿ ಬರೆಸಲಾ?

ಬಸವನಗುಡಿ ರಾಯರು

ಕೈಯಲ್ಲಿ. ಶೋಳಾವರಂನಲ್ಲಿ ಬೋರ್ಡು ಬರೆಯುವವನೇ ನಂಬರೂ ಬರೆಯುತ್ತಿದ್ದ. ದೂರದಿಂದ ನೋಡಿದರೆ ಅಚ್ಚು ಹೊಡೆದ ಹಾಗೆ. ಹತ್ತಿರ ಹೋದರೆ ಅಂಚಿನಲ್ಲಿ ಕುಂಚ ಎಳೆದು ಎತ್ತಿದ ಗುರುತು ಇರುತ್ತಿತ್ತು.

ಅಸಲಿ ಪಾರ್ಟು

ಕೈಯಲ್ಲೇ ಆಗಲಿ, ಆದರೆ 15 ಬೇಡ. ಆ ನಂಬರ್ ಪಾರ್ನೆಲ್ಲಿದು. 2024ರಲ್ಲಿ ತೀರಿಕೊಂಡ ಮನುಷ್ಯ. ಬಣ್ಣ ತಗೊಳ್ಳಿ, ಪಟ್ಟೆ ತಗೊಳ್ಳಿ. ನಂಬರ್ ನಿಮ್ಮದು ಹಾಕಿ.

ಹಳೇ ಲ್ಯಾಪ್

ನಾನು ಒಪ್ಪುವುದಿಲ್ಲ. 15 ಇಲ್ಲದಿದ್ದರೆ ಅದು ಹಳದಿ ಮಸ್ಟ್ಯಾಂಗ್, ಅಷ್ಟೇ. ಹರಿಶ್ಚಂದ್ರನ ಪಾರ್ಟು ಮಾಡುವವನು ಹೆಸರು ಬದಲಾಯಿಸಿಕೊಂಡು ರಂಗಕ್ಕೆ ಬರುತ್ತಾನಾ?

ಅಸಲಿ ಪಾರ್ಟು

ನಾಟಕ ಮುಗಿದ ಮೇಲೆ ಬಣ್ಣ ತೊಳೆಯುತ್ತಾನಲ್ಲ ಸ್ವಾಮಿ. ಈ ಕಾರಿಗೆ ತೊಳೆಯುವವರು ಯಾರು?

ಮಿಷಿಗನ್ ಮಂಜ

ಇಬ್ಬರ ಮಾತೂ ತಲೆಯಲ್ಲಿ ಒಂದು ವಾರ ಕೂತಿತ್ತು. ಕೊನೆಗೆ ಹೀಗೆ ಮಾಡಿದೆ. ಇಲ್ಲೊಬ್ಬ ಮುದುಕ ಇದ್ದಾನೆ, ಅಂಗಡಿ ಬೋರ್ಡು ಬರೆಯುವವನು. ಅವನ ಕೈಯಲ್ಲಿ ತೆಳ್ಳನೆ ಅಯಸ್ಕಾಂತದ ಹಾಳೆ ಮೇಲೆ 15 ಬರೆಸಿದೆ. ಟ್ರ್ಯಾಕಿಗೆ ಹೋದಾಗ ಅಂಟಿಸುತ್ತೇನೆ, ಮನೆಗೆ ಬರುವಾಗ ಡಿಕ್ಕಿಗೆ. ಒಂದು ಕಡೆ ಅಂಟಲೇ ಇಲ್ಲ. ಪಂಡಿತರು ಹೇಳಿದ್ದು ನಿಜ, ನನಗೇ ಗೊತ್ತಿಲ್ಲದ ಪುಟ್ಟಿ ಬಾಗಿಲೊಳಗೆ ಇನ್ನೂ ಉಳಿದಿದೆ.

ಡ್ಯಾಶ್‌ಬೋರ್ಡಿನ ಎಡಗಡೆ ಒಂದು ಪುಟ್ಟ ಅಲ್ಯೂಮಿನಿಯಂ ಫಲಕ ರಿವೆಟ್ ಮಾಡಿದ್ದೇನೆ. ಅದರಲ್ಲಿ ಕನ್ನಡದಲ್ಲಿ: "0ಎಫ್02ಎಫ್. ಅಸಲಿ ಅಲ್ಲ." ನಾಲ್ಕನೇ ಕೈಗೆ ಹೋದಾಗ ಓದಿಸಿಕೊಳ್ಳಲಿ.

ಅಸಲಿ ಪಾರ್ಟು

ನನ್ನ ಬಾಯಿ ಮುಚ್ಚಿಸಿದಿರಿ. ಫಲಕದ ಫೋಟೋ ಹಾಕಿ.

ಮಿಷಿಗನ್ ಮಂಜ

ಹಾಕಿದ್ದೇನೆ, ಮೇಲೆ ನೋಡಿ. ನಿನ್ನೆ ಮೊದಲ ಸಲ ವಾಟರ್‌ಫರ್ಡ್ ಹಿಲ್ಸ್‌ಗೆ ಹೋಗಿದ್ದೆ. ಮೂರು ಸುತ್ತು ಸ್ವರ್ಗ. ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ನೆಲದವರೆಗೆ ಹೋಯಿತು. ಎರಡು ಸಲ ಪಂಪ್ ಮಾಡಿದಾಗ ಹಿಡಿಯಿತು. ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸರಿ ಇದೆ. ಏನಿದು ಗೌಡ್ರೇ?

ಟೆಕ್ಸಾಸ್ ಗೌಡ

ಬ್ರೇಕ್ ಆಯಿಲ್ ಕುದಿದಿದೆ. ನೀರಿನ ಅಂಶ ಸೇರಿದ ಹಳೇ ಆಯಿಲ್ ಬೇಗ ಕುದಿಯುತ್ತದೆ, ಗುಳ್ಳೆ ಎದ್ದರೆ ಪೆಡಲ್ ಸ್ಪಂಜು. ಪೂರ್ತಿ ಬಸಿದು ಹೊಸ ರೇಸ್ ದರ್ಜೆಯ ಡಾಟ್ 4 ತುಂಬಿ, ಗಾಳಿ ತೆಗೆಯಿರಿ. ಮುಂದಿನ ಬಂಪರ್ ಕೆಳಗಿಂದ ಡಿಸ್ಕಿಗೆ ಎರಡು ಹೋಸ್ ಪೈಪಿನಲ್ಲಿ ಗಾಳಿ ಕೊಡಿ. ಅದಾಗುವ ತನಕ ಮೂರೇ ಸುತ್ತು.

ಬಸವನಗುಡಿ ರಾಯರು

ಅದೆಲ್ಲ ಇರಲಿ. ಸದ್ದು ರೆಕಾರ್ಡ್ ಮಾಡಿದೆಯೇನಪ್ಪ?

ಮಿಷಿಗನ್ ಮಂಜ

ಮಾಡಿದ್ದೇನೆ ರಾಯರೇ, ಈಗ ಹಾಕಿದೆ. ಇಯರ್‌ಫೋನ್ ಹಾಕಿಕೊಂಡು ಕೇಳಿ. ಎರಡನೇ ನಿಮಿಷದಿಂದ ಎಡಗಡೆ ಒಂದು ಟಕ್ ಟಕ್ ಬರುತ್ತಿದೆ, ಅದು ಏನು ಅಂತ ಯಾರಿಗಾದರೂ ಗೊತ್ತಾದರೆ ಹೇಳಿ.

ತುಕ್ಕು ಪಂಡಿತ

ಹೆಡರ್, ಅಂದರೆ ಇಂಜಿನ್ನಿನಿಂದ ಹೊಗೆ ಒಯ್ಯುವ ಪೈಪು, ಅದರ ಗ್ಯಾಸ್ಕೆಟ್ ಲೀಕು. ಬೋಲ್ಟ್ ಸಡಿಲ ಆಗಿರುತ್ತೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಗಿ ಮಾಡಿ, ಬಿಸಿ ಇದ್ದಾಗ ಕೈ ಹಾಕಬೇಡಿ.